ಭತ್ತಕ್ಕೆ ಕೇಳಬಹುದು, ತೆಂಗಿಗೆ ಕಾಯಬೇಕು

ಬಿಳಿಗೆರೆ ಕಡೆಯ ತೆಂಗಿನ ತೋಟಗಳಲ್ಲಿ ಒಂದು ಮರ ಬರದಲ್ಲೂ ಗೊನೆ ತುಂಬಿಕೊಂಡಿರುತ್ತದೆ, ಪಕ್ಕದ್ದು ಹರಳು ಉದುರಿಸುತ್ತದೆ. ನೀರು, ಗೊಬ್ಬರ ಒಂದೇ ಆಗಿದ್ದರೆ ಅನುಮಾನ ಜೀನುಗಳ ಮೇಲೆ. ಯಾವ ಜೀನು ಎಂದು ಪತ್ತೆ ಮಾಡಲು ವಿಜ್ಞಾನಿಗಳದ್ದು ಒರಟು ಉಪಾಯ: ಅದನ್ನು ಕೆಡಿಸಿ, ಗಿಡಕ್ಕೇನಾಗುತ್ತದೆ ನೋಡುವುದು.

ಕೆಡಿಸಲು ಸಿಕ್ಕ ಹತಾರ ಟ್ರಾನ್ಸ್‌ಪೋಸಾನ್, ಅಂದರೆ ಜಾಗ ಬದಲಿಸುವ ಡಿಎನ್‌ಎ ತುಣುಕು. 1940ರ ದಶಕದಲ್ಲಿ ಮುಸುಕಿನ ಜೋಳದಲ್ಲಿ ಇದನ್ನು ಕಂಡ ಬಾರ್ಬರಾ ಮೆಕ್ಲಿಂಟಾಕ್‌ಗೆ ನೊಬೆಲ್ ಬಂದದ್ದು 1983ರಲ್ಲಿ! ಅವರು ಗುರುತಿಸಿದ ಜೋಡಿ ಎಸಿ ಮತ್ತು ಡಿಎಸ್. ಡಿಎಸ್ ತಾನಾಗಿ ಜಿಗಿಯಲಾರದು. ಎಸಿ ತಯಾರಿಸುವ ಕಿಣ್ವ ಬೇಕು. ಎರಡೂ ಒಂದೇ ಗಿಡದಲ್ಲಿದ್ದರೆ ಡಿಎಸ್ ಎದ್ದು ಯಾವುದೋ ಜೀನಿನೊಳಗೆ ಹೋಗಿ ಕೂರಬಹುದು. ಮುಂದಿನ ಪೀಳಿಗೆಯಲ್ಲಿ ಎಸಿ ಇಲ್ಲದ ಸಸಿ ಆರಿಸಿಕೊಂಡರೆ ಡಿಎಸ್ ಅಲ್ಲೇ ನೆಲೆ ನಿಲ್ಲುತ್ತದೆ. ಅದರ ಅಕ್ಷರಸಾಲು ಗೊತ್ತೇ ಇರುವುದರಿಂದ ಅಕ್ಕಪಕ್ಕ ಓದಿದರೆ ಕೆಟ್ಟ ಜೀನಿನ ವಿಳಾಸ ಸಿಕ್ಕಿತು.

ಭತ್ತಕ್ಕೆ ಇದು ಹೇಳಿ ಮಾಡಿಸಿದ್ದು. ಕೆಲವೇ ತಿಂಗಳ ಬೆಳೆ, ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಹೈದರಾಬಾದ್ ವಿಶ್ವವಿದ್ಯಾಲಯದ ಪಿ.ಬಿ. ಕೀರ್ತಿ ಅವರ ತಂಡ ಸಾಂಬಾ ಮಸೂರಿಯಲ್ಲಿ ಈ ಉಪಾಯವನ್ನು ತಿರುಗಿಸಿ ಹಾಕಿತು. ಡಿಎಸ್ ಜೊತೆ, ನೆರೆಯ ಜೀನನ್ನು ಜೋರು ಮಾಡುವ ತುಣುಕನ್ನೂ ಕಟ್ಟಿ ಕಳಿಸಿದರು. ಜೀನು ಕೆಡುವುದರ ಬದಲು ಅತಿಯಾಗಿ ದುಡಿಯಲಿ ಎಂದು. ಕಡಿಮೆ ನೀರಿನಲ್ಲೂ ಚೆನ್ನಾಗಿ ಬೆಳೆದ ಗಿಡಗಳಲ್ಲಿ ಸಿಕ್ಕವು ರೈಬೋಸೋಮ್ ಪ್ರೋಟೀನುಗಳ ಜೀನುಗಳು. 2016ರ ಆ ಪ್ರಬಂಧದ ಲೇಖಕರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂ. ಉದಯಕುಮಾರ್ ಕೂಡ ಇದ್ದಾರೆ. ರೈಬೋಸೋಮ್ ಜೀವಕೋಶಗಳಲ್ಲಿ ಪ್ರೋಟೀನು ಕಟ್ಟುವ ಮಾಮೂಲಿ ಯಂತ್ರ. ಬರ ತಡೆಯುವ ಜೀನು ಹುಡುಕಲು ಹೊರಟವರು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಕುರುಡಾಗಿ ಹುಡುಕುವುದರ ಲಾಭ ನನ್ನ ಲೆಕ್ಕದಲ್ಲಿ ಇದೇ.

ತೆಂಗಿನಲ್ಲಿ ಈ ಆಟ ನಡೆಯದು. ತಿಪಟೂರಿನ ಎತ್ತರದ ತಳಿ ಮೊದಲ ಹೊಂಬಾಳೆ ಬಿಡಲು ಆರೇಳು ವರ್ಷ ಬೇಕು, ಪರಾಗವೂ ಬೇರೆ ಮರದ್ದು. ಜೀನಿನ ಎರಡೂ ಪ್ರತಿ ಕೆಟ್ಟ ಮರ ಬೇಕಾದರೆ ಇನ್ನೊಂದು ತಲೆಮಾರು ಬೆಳೆಸಬೇಕು. ಅಷ್ಟರಲ್ಲಿ ಸಂಶೋಧಕರು ನಿವೃತ್ತಿಗೆ ಬಂದಿರುತ್ತಾರೆ. ತಮಾಷೆಯೆಂದರೆ, ತೆಂಗಿನ ಜೀನೋಮಿನ ಮುಕ್ಕಾಲು ಪಾಲಿನಷ್ಟು ಇಂಥ ಜಿಗಿಯುವ ತುಣುಕುಗಳೇ. ಬಹುಪಾಲು ಬಾಯಿ ಮುಚ್ಚಿಕೊಂಡಿವೆ.

ಅವು ಬಾಯಿ ಬಿಟ್ಟರೆ ಏನಾದೀತೆಂದು ತೋರಿಸಿದ್ದು ತೆಂಗಿನ ನೆಂಟ ತಾಳೆಎಣ್ಣೆ ಮರ. ಅಂಗಾಂಶ ಕೃಷಿಯಿಂದ ಬಂದ ಕೆಲವು ಮರಗಳು ವಿಕಾರ ಹಣ್ಣು ಬಿಟ್ಟವು. ಹೂವಿನ ಜೀನಿನೊಳಗೆ ಕೂತಿದ್ದ 'ಕರ್ಮ' ಎಂಬ ಜಿಗಿಯುವ ತುಣುಕಿನ ಬಾಯಿ ಮುಚ್ಚಿಸಿದ್ದ ಮೀಥೈಲ್ ಎಂಬ ರಾಸಾಯನಿಕ ಬೀಗ ಕಳಚಿದ್ದೇ ಕಾರಣವೆಂದು 2015ರಲ್ಲಿ ಮಲೇಷ್ಯಾದ ತಂಡ ತೋರಿಸಿತು. ಮೊದಲು ಮರ ಕಾಯಿ ಬಿಡುವವರೆಗೆ ಗೊತ್ತಾಗುತ್ತಿರಲಿಲ್ಲ. ಈಗ ಸಸಿಯ ಎಲೆ ಚೂರೊಂದನ್ನು ಪರೀಕ್ಷಿಸಿ, ನೆಡುವ ಮುಂಚೆಯೇ ಅಂಥದ್ದನ್ನು ಆಯ್ದು ಎಸೆಯಬಹುದು.