ಸಾಕಿದ ಇಲಿ ನಡುಗಿ ಬಿದ್ದಾಗ

ಕಥೆಯಲ್ಲಿ ಗಣಪತಿಯ ವಾಹನ, ಹೊಲದಲ್ಲಿ ರೈತನ ಶತ್ರು, ಪ್ರಯೋಗಾಲಯದಲ್ಲಿ ವಿಜ್ಞಾನಿಯ ಸಹಾಯಕ - ಇಲಿಗೆ ಹಲವು ಪಾತ್ರಗಳಿವೆ. ಕೆಲವು ಮನೆಗಳಲ್ಲಿ ಅದು ಮಕ್ಕಳ ಮುದ್ದಿನ ಪ್ರಾಣಿಯೂ ಹೌದು. ಸಾಕುವ ಬಿಳಿ ಅಥವಾ ಚುಕ್ಕೆ ಇಲಿಯ ವೈಜ್ಞಾನಿಕ ಹೆಸರು ರಾಟಸ್ ನಾರ್ವೆಜಿಕಸ್. ಆಯಸ್ಸು ಎರಡರಿಂದ ಮೂರು ವರ್ಷ.

ನಿಮ್ಮ ಮನೆಯಲ್ಲಿ ಇಂಥದೊಂದು ಇಲಿ ಇದೆ ಎಂದುಕೊಳ್ಳಿ. ಒಂದು ಸಂಜೆ, ತಿನ್ನುತ್ತಿದ್ದ ಕಾಳನ್ನು ಕೈಬಿಟ್ಟು ಅದು ಸ್ತಬ್ಧವಾಗುತ್ತದೆ. ಬಾಯಿ ಜಗಿಯುವಂತೆ ಆಡುತ್ತದೆ, ಮುಂಗಾಲುಗಳು ಅದುರುತ್ತವೆ, ಪಕ್ಕಕ್ಕೆ ಉರುಳುತ್ತದೆ. ಸುಮಾರು ಅರ್ಧ ನಿಮಿಷದಲ್ಲಿ ಎಲ್ಲವೂ ನಿಂತು, ಗೊತ್ತುಗುರಿಯಿಲ್ಲದೆ ಮೂಲೆಯಲ್ಲಿ ಕುಳಿತುಕೊಳ್ಳುತ್ತದೆ. ನೀವು ಏನು ಮಾಡುವಿರಿ? ಗಾಬರಿಯಲ್ಲಿ ಅದನ್ನು ಎತ್ತಿ ಹಿಡಿದುಕೊಳ್ಳಬಹುದು, ಬಾಯಿಗೆ ಎರಡು ಹನಿ ನೀರು ಬಿಡಬಹುದು. ಎರಡೂ ತಪ್ಪು. ಹಾಗಾದರೆ ಸರಿ ಯಾವುದು? ಅದಕ್ಕೂ ಮೊದಲು, ನೀವು ನೋಡಿದ್ದು ನಿಜವಾಗಿಯೂ ಸೆಳವೇ?

ಸೆಳವು ಎಂದರೇನು?

ಇಲಿಯ ಮಿದುಳಿನ ತೂಕ ಸುಮಾರು 2 ಗ್ರಾಂ. ಅದರಲ್ಲಿ ಸುಮಾರು 20 ಕೋಟಿ ನರಕೋಶಗಳಿವೆ. ಈ ಕೋಶಗಳು ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶ ದಾಟಿಸುವುದು ನರವಾಹಕಗಳೆಂಬ ರಾಸಾಯನಿಕಗಳು. ಇವುಗಳಲ್ಲಿ ಗ್ಲೂಟಮೇಟ್ ಕೋಶಗಳನ್ನು ಉದ್ರೇಕಿಸುತ್ತದೆ, ಗಾಬಾ ಎಂಬುದು ಶಮನಗೊಳಿಸುತ್ತದೆ. ವಾಹನದ ವೇಗವರ್ಧಕ ಮತ್ತು ಬ್ರೇಕು ಇದ್ದಂತೆ ಇವೆರಡರ ನಡುವೆ ಸಮತೋಲ ಇರಬೇಕು.

ಈ ಸಮತೋಲ ತಪ್ಪಿದಾಗ ಅಸಂಖ್ಯ ನರಕೋಶಗಳು ಒಮ್ಮೆಲೇ, ಒಂದೇ ತಾಳದಲ್ಲಿ ವಿದ್ಯುತ್ತನ್ನು ವಿಸರ್ಜಿಸತೊಡಗುತ್ತವೆ. ಇದೇ ಸೆಳವು. ವಿಸರ್ಜನೆ ಮಿದುಳಿನ ಯಾವ ಭಾಗದಲ್ಲಿ ನಡೆಯುತ್ತದೆ ಎಂಬುದರ ಮೇಲೆ ಹೊರಗೆ ಕಾಣುವ ಲಕ್ಷಣ ನಿಂತಿದೆ. ಒಮ್ಮೆ ಸೆಳವು ಬಂದ ಮಾತ್ರಕ್ಕೆ ಅದು ಅಪಸ್ಮಾರ ಎನಿಸುವುದಿಲ್ಲ. ಜ್ವರ, ವಿಷ, ಸಕ್ಕರೆಯ ಕೊರತೆಯಂಥ ತಾತ್ಕಾಲಿಕ ಪ್ರಚೋದನೆ ಇಲ್ಲದೆ ಮತ್ತೆ ಮತ್ತೆ ಸೆಳವು ಬರುವ ಸ್ಥಿತಿಗೆ ಅಪಸ್ಮಾರ ಎಂದು ಹೆಸರು.

ಐದು ಹಂತಗಳು

ಇಲಿಯ ಸೆಳವನ್ನು ಹೇಗೆ ಗುರುತಿಸುವುದು ಎಂಬುದಕ್ಕೆ ಒಂದು ಒಳ್ಳೆಯ ಅಳತೆಗೋಲು ಇದೆ. 1972ರಲ್ಲಿ ಕೆನಡಾದ ರೊನಾಲ್ಡ್ ರಸೀನ್ ಎಂಬ ವಿಜ್ಞಾನಿ, ಮಿದುಳಿನ ಅಮಿಗ್ಡಲ ಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಇಲಿಗಳಲ್ಲಿ ಕಂಡ ಸೆಳವನ್ನು ಐದು ಹಂತಗಳಾಗಿ ವಿಂಗಡಿಸಿದರು. ಇಂದಿಗೂ ಪ್ರಯೋಗಾಲಯಗಳಲ್ಲಿ ಇದೇ ಮಾಪಕ ಬಳಕೆಯಲ್ಲಿದೆ.

1. ಬಾಯಿ ಮತ್ತು ಮುಖದ ಚಲನೆ - ಬರಿದೇ ಜಗಿಯುವುದು, ಮೀಸೆ ಅದುರುವುದು.
2. ತಲೆಯನ್ನು ಲಯಬದ್ಧವಾಗಿ ಮೇಲೆ ಕೆಳಗೆ ಆಡಿಸುವುದು.
3. ಮುಂಗಾಲುಗಳು ಜಗ್ಗಿ ಜಗ್ಗಿ ಅದುರುವುದು.
4. ಹಿಂಗಾಲಿನ ಮೇಲೆ ಎದ್ದು ನಿಂತು ಮುಂಗಾಲು ಅದುರಿಸುವುದು.
5. ಎದ್ದು ನಿಂತು, ಸಮತೋಲ ತಪ್ಪಿ ಬೀಳುವುದು.

ಎಲ್ಲ ಸೆಳವುಗಳೂ ಈ ಕ್ರಮದಲ್ಲೇ ಸಾಗಬೇಕೆಂದಿಲ್ಲ. ಕೆಲವು ಒಂದನೆಯ ಹಂತದಲ್ಲೇ ನಿಲ್ಲುತ್ತವೆ. ಇನ್ನು ಕೆಲವದರಲ್ಲಿ ಬೀಳುವುದು, ಅದುರುವುದು ಯಾವುದೂ ಇರುವುದಿಲ್ಲ. ಇಲಿ ಕೆಲವು ಸೆಕೆಂಡು ಸ್ತಬ್ಧವಾಗಿ, ಮೀಸೆ ಮಾತ್ರ ಸಣ್ಣಗೆ ಅದುರಿ, ಮತ್ತೆ ಏನೂ ಆಗದಂತೆ ಓಡಾಡುತ್ತದೆ. ವ್ಯಾಗ್-ರಿಜ್ ಎಂಬ ತಳಿಯ ಇಲಿಗಳಲ್ಲಿ ಇಂಥ ‘ಗೈರುಹಾಜರಿ ಸೆಳವು’ ಹುಟ್ಟಿನಿಂದಲೇ ಬಂದ ಗುಣ. ಆಗ ಅವುಗಳ ಮಿದುಳಿನ ವಿದ್ಯುತ್ ಲೇಖದಲ್ಲಿ ಸೆಕೆಂಡಿಗೆ 7ರಿಂದ 11 ಮೊನಚು ಅಲೆಗಳು ಕಾಣುತ್ತವೆ. ಮಕ್ಕಳಲ್ಲಿ ಬರುವ ಇದೇ ಬಗೆಯ ಸೆಳವಿನಲ್ಲಿ ಅಲೆಗಳ ಸಂಖ್ಯೆ ಸೆಕೆಂಡಿಗೆ ಸುಮಾರು 3.

ಸೆಳವಿನ ಇನ್ನೊಂದು ಮುಖ್ಯ ಗುರುತು ಅದು ನಿಂತ ಮೇಲಿನ ಅವಸ್ಥೆ. ಕೆಲವು ನಿಮಿಷ, ಕೆಲವೊಮ್ಮೆ ಗಂಟೆಗಳ ಕಾಲ ಇಲಿ ಮಂಕಾಗಿರುತ್ತದೆ. ಕರೆದರೆ ಓಗೊಡುವುದಿಲ್ಲ, ದಾರಿ ತಪ್ಪಿದಂತೆ ಅಲೆಯುತ್ತದೆ.

ಸೆಳವಲ್ಲದ ಸೆಳವುಗಳು

ಅದುರಿದ್ದೆಲ್ಲ ಸೆಳವಲ್ಲ. ಈ ಕೆಳಗಿನವುಗಳನ್ನು ಸೆಳವೆಂದು ತಿಳಿದು ಗಾಬರಿಯಾಗುವವರು ಬಹಳ.

ನಿದ್ದೆಯ ಅದುರು: ಕನಸಿನ ನಿದ್ದೆಯಲ್ಲಿ ಇಲಿಯ ಮೀಸೆ, ಪಾದ, ಬಾಲ ಸಣ್ಣಗೆ ಅದುರುತ್ತವೆ. ಮೆಲ್ಲಗೆ ಕರೆದರೆ ಎಚ್ಚರವಾಗುತ್ತದೆ. ಸೆಳವಿನಲ್ಲಿರುವ ಇಲಿಯನ್ನು ಕರೆದು ಎಬ್ಬಿಸಲಾಗದು.

ಹಲ್ಲು ಮಸೆತ ಮತ್ತು ಕಣ್ಣಿನ ಕುಣಿತ: ನೆಮ್ಮದಿಯಿಂದಿರುವ ಇಲಿ ಬಾಚಿಹಲ್ಲುಗಳನ್ನು ಕಟಕಟ ಮಸೆಯುತ್ತದೆ. ಅದರ ದವಡೆಯ ಸ್ನಾಯುವಿನ ಒಂದು ಭಾಗ ಕಣ್ಣುಗುಳಿಯ ಮೂಲಕ ಹಾದುಹೋಗುವುದರಿಂದ ಕಣ್ಣುಗುಡ್ಡೆಗಳು ಒಳಗೂ ಹೊರಗೂ ಕುಣಿಯುತ್ತವೆ. ನೋಡಲು ಭಯವಾದರೂ ಇದು ಸಹಜ.

ತಲೆ ತೂಗುವುದು: ಕೆಂಪು ಕಣ್ಣಿನ ಬಿಳಿ ಇಲಿಗಳ ದೃಷ್ಟಿ ಮಂದ. ದೂರವನ್ನು ಅಂದಾಜು ಮಾಡಲು ಅವು ನಿಂತಲ್ಲೇ ತಲೆಯನ್ನು ಅತ್ತ ಇತ್ತ ತೂಗುತ್ತವೆ.

ಬೆದೆಯ ವರ್ತನೆ: ಬೆದೆಗೆ ಬಂದ ಹೆಣ್ಣಿಲಿ ಕಿವಿಗಳನ್ನು ವೇಗವಾಗಿ ಅದುರಿಸುತ್ತದೆ, ಛಂಗನೆ ಜಿಗಿದು ಬೆನ್ನು ಬಾಗಿಸಿ ನಿಲ್ಲುತ್ತದೆ. ನಾಲ್ಕೈದು ದಿನಗಳಿಗೊಮ್ಮೆ ಇದು ಮರುಕಳಿಸುತ್ತದೆ.

ಕಿವಿಯೊಳಗಿನ ಸೋಂಕು: ಇದು ಮಾತ್ರ ನಿಜವಾದ ರೋಗ. ಸಮತೋಲದ ಅಂಗ ಇರುವುದು ಒಳಕಿವಿಯಲ್ಲಿ. ಅಲ್ಲಿಗೆ ಸೋಂಕು ತಗುಲಿದರೆ ಇಲಿಯ ತಲೆ ಒಂದು ಕಡೆ ವಾಲುತ್ತದೆ, ಸುತ್ತು ಹಾಕುತ್ತದೆ, ಎತ್ತಿದರೆ ಮೈಯನ್ನೇ ಗಿರಗಿರ ತಿರುಗಿಸುತ್ತದೆ. ಆದರೆ ಅದಕ್ಕೆ ಪ್ರಜ್ಞೆ ಇರುತ್ತದೆ. ತಲೆಯ ವಾಲು ಗಂಟೆಗಟ್ಟಲೆ ಉಳಿಯುತ್ತದೆ. ಸೆಳವಾದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಈ ಸೋಂಕಿಗೆ ಬೇಗ ಚಿಕಿತ್ಸೆ ದೊರೆತರೆ ಗುಣವಾಗುವ ಸಾಧ್ಯತೆ ಹೆಚ್ಚು. ಸೆಳವೆಂದು ತಪ್ಪು ತಿಳಿದು ಕಾಯುತ್ತಾ ಕುಳಿತರೆ ಆ ಅವಕಾಶ ಕೈತಪ್ಪುತ್ತದೆ.

ಮಿದುಳಿನ ವಿದ್ಯುತ್ ಲೇಖ ತೆಗೆಯದೆ ಸೆಳವೆಂದು ಖಚಿತವಾಗಿ ಹೇಳುವುದು ಕಷ್ಟ. ಮನೆಯ ಇಲಿಗೆ ಅದು ದೊರೆಯುವ ಸೌಲಭ್ಯವಲ್ಲ. ಆದ್ದರಿಂದ ನೀವು ಕಂಡದ್ದು ‘ಸೆಳವಿರಬಹುದು’ ಎಂದಷ್ಟೇ ತಿಳಿಯಿರಿ. ಅದನ್ನು ಖಚಿತದ ಹತ್ತಿರ ಒಯ್ಯುವುದು ನಿಮ್ಮ ವೀಕ್ಷಣೆ.

ಕಾರಣಗಳು

ವಯಸ್ಸಾದ ಇಲಿಗಳಲ್ಲಿ, ವಿಶೇಷವಾಗಿ ಹೆಣ್ಣಿಲಿಗಳಲ್ಲಿ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ಸಾಮಾನ್ಯ. ಅದು ಬೆಳೆದು ಮಿದುಳನ್ನು ಒತ್ತಿದಾಗ ಮುಂಗಾಲಿನಲ್ಲಿ ಕಾಳು ಹಿಡಿಯಲಾಗದಿರುವುದು, ಮಂಕು, ಸುತ್ತು ಹಾಕುವುದು, ಕೆಲವೊಮ್ಮೆ ಸೆಳವು ಕಾಣಿಸುತ್ತದೆ. ಮಿದುಳಿನ ರಕ್ತಸ್ರಾವ, ಎತ್ತರದಿಂದ ಬಿದ್ದ ಪೆಟ್ಟು, ಮಿದುಳಿಗೆ ಹರಡಿದ ಸೋಂಕು ಉಳಿದ ಕೆಲವು ಕಾರಣಗಳು. ಚಿಕ್ಕ ದೇಹ, ವೇಗದ ಚಯಾಪಚಯ ಇರುವುದರಿಂದ ರೋಗದಿಂದ ಆಹಾರ ಬಿಟ್ಟ ಇಲಿಯ ರಕ್ತದಲ್ಲಿ ಸಕ್ಕರೆ ಬೇಗ ಇಳಿಯಬಹುದು. ಅದೂ ಸೆಳವಿಗೆ ದಾರಿ.

ವಿಷವನ್ನು ಮರೆಯುವಂತಿಲ್ಲ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ನುಂಗಿದ ವಿಷ ಒಳಗೇ ಉಳಿಯುತ್ತದೆ. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ. ಆಗ ಜೊಲ್ಲು ಸುರಿದು, ಸ್ನಾಯುಗಳು ಅದುರಿ, ಸೆಳವು ಬರುತ್ತದೆ. ಅಂಗಡಿಯಲ್ಲಿ ಸಿಗುವ ಕಪ್ಪು ಇಲಿ ಪಾಷಾಣ ಸಾಮಾನ್ಯವಾಗಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲದೊಡನೆ ಸೇರಿ ಅದು ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಸಾಕಿದ ಇಲಿ ಇರುವ ಮನೆಯಲ್ಲಿ ಇವೆರಡಕ್ಕೂ ಜಾಗ ಇರಬಾರದು.

ಇನ್ನೊಂದು ಕಾರಣ ಬಿಸಿಲು. ಇಲಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಲದ ಮೂಲಕ ಶಾಖ ಹೊರಹಾಕುವುದು, ಜೊಲ್ಲನ್ನು ಮೈಗೆ ಸವರಿಕೊಳ್ಳುವುದು, ಇವೇ ಅದರ ಉಪಾಯಗಳು. ರಾಯಚೂರು, ಕಲಬುರಗಿಯ 40 ಡಿಗ್ರಿ ಸೆಲ್ಸಿಯಸ್ ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗಿಟ್ಟ ಪಂಜರ ಪ್ರಾಣಾಪಾಯವೇ ಸರಿ.

ಆ ಹೊತ್ತಿನಲ್ಲಿ ಏನು ಮಾಡಬೇಕು?

- ಗಡಿಯಾರ ನೋಡಿ. ಆರಂಭದ ಕ್ಷಣವನ್ನು ಗುರುತಿಸಿಕೊಳ್ಳಿ. ಗಾಬರಿಯಲ್ಲಿ ಅರ್ಧ ನಿಮಿಷ ಐದು ನಿಮಿಷದಂತೆ ತೋರುತ್ತದೆ.
- ಹಿಡಿಯಬೇಡಿ. ಹಿಡಿದರೆ ಸೆಳವು ನಿಲ್ಲುವುದಿಲ್ಲ. ಇಲಿಗೆ ಪೆಟ್ಟಾಗಬಹುದು, ಅರಿವಿಲ್ಲದೆ ಅದು ಕಚ್ಚಲೂಬಹುದು.
- ಬಾಯಿಗೆ ನೀರು, ಆಹಾರ, ಔಷಧಿ ಏನನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.
- ಪಂಜರದ ಮೇಲಂತಸ್ತಿನಲ್ಲಿದ್ದರೆ ಬೀಳದಂತೆ ಸುತ್ತ ಮೆತ್ತನೆಯ ಬಟ್ಟೆ ಇಡಿ. ಗಡಸು ವಸ್ತುಗಳನ್ನು ತೆಗೆಯಿರಿ. ಜೊತೆಯ ಇಲಿಗಳು ಮೇಲೆ ಬೀಳುತ್ತಿದ್ದರೆ ಅವನ್ನು ಬೇರೆಡೆಗೆ ಸರಿಸಿ.
- ದೀಪ ಮಂದಗೊಳಿಸಿ, ಟಿವಿ ನಿಲ್ಲಿಸಿ. ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಲಿ. ವೈದ್ಯರಿಗೆ ಇದಕ್ಕಿಂತ ಉತ್ತಮ ಸಾಕ್ಷ್ಯ ಇಲ್ಲ.
- ನಿಂತ ಮೇಲೆ ಬೆಚ್ಚಗಿನ, ಕತ್ತಲಾದ ಜಾಗದಲ್ಲಿ ವಿಶ್ರಾಂತಿಗೆ ಬಿಡಿ. ಪೂರ್ತಿ ಎಚ್ಚರವಾಗಿ ತಾನಾಗಿ ನೆಕ್ಕುವಂತಾದಾಗ ಮಾತ್ರ ಸ್ವಲ್ಪ ಜೇನು, ನೀರು ಕೊಡಬಹುದು.
- ಬಿಸಿಲಿನ ಆಘಾತ ಎನಿಸಿದರೆ ತಂಪು ಜಾಗಕ್ಕೆ ಒಯ್ದು, ಬಾಲ ಮತ್ತು ಪಾದಗಳಿಗೆ ಸಾಧಾರಣ ನೀರು ಸವರಿ. ಐಸ್ ನೀರು ಬೇಡ.
- ಇಲಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.

ಸೆಳವು ಐದು ನಿಮಿಷ ಮೀರಿದರೆ, ಒಂದರ ಹಿಂದೊಂದು ಬಂದರೆ ಅಥವಾ ವಿಷದ ಅನುಮಾನವಿದ್ದರೆ ತಡಮಾಡದೆ ಪಶುವೈದ್ಯರ ಬಳಿಗೆ ಧಾವಿಸಿ. ಮೊದಲ ಬಾರಿ ಬಂದು ತಾನಾಗಿ ನಿಂತಿದ್ದರೂ ಒಂದೆರಡು ದಿನದೊಳಗೆ ತೋರಿಸಿ. ದಿನಾಂಕ, ವೇಳೆ, ಅವಧಿ, ಮೊದಲು ಅದುರಿದ ಅಂಗ, ಹಿಂದಿನ ದಿನ ತಿಂದದ್ದು, ಮನೆಯಲ್ಲಿ ಸಿಂಪಡಿಸಿದ ಔಷಧಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಡಯಜೆಪಾಮ್, ಫಿನೊಬಾರ್ಬಿಟಾಲ್ ಮೊದಲಾದ ಔಷಧಿಗಳು ಇಲಿಗೂ ಇವೆ. ಆದರೆ ಬೆಳೆದ ಇಲಿಯ ತೂಕ 250ರಿಂದ 500 ಗ್ರಾಂ. ಮನುಷ್ಯರ ಮಾತ್ರೆಯನ್ನು ಅಂದಾಜಿನ ಮೇಲೆ ಮುರಿದು ಕೊಟ್ಟರೆ ಅದು ವಿಷವಾದೀತು. ವೈದ್ಯರು ಕೊಟ್ಟ ಔಷಧಿಯನ್ನು ಹಠಾತ್ತನೆ ನಿಲ್ಲಿಸಿದರೂ ಸೆಳವು ಬರಬಹುದು. ಇನ್ನು ಮುದಿ ಇಲಿಗೆ ಗೆಡ್ಡೆಯಿಂದ ದಿನವೂ ಸೆಳವು ಬಂದು ಆಹಾರ ತಿನ್ನಲಾಗದ ಸ್ಥಿತಿ ಇದ್ದರೆ, ನೋವಿಲ್ಲದ ಸಾವಿನ ಬಗ್ಗೆಯೂ ವೈದ್ಯರೊಡನೆ ಮಾತನಾಡಬೇಕಾದೀತು. ಮಕ್ಕಳಿಂದ ಅದನ್ನು ಮುಚ್ಚಿಡುವ ಬದಲು ಅವರಿಗೆ ತಿಳಿಯುವಂತೆ ವಿವರಿಸುವುದು ಮೇಲು.

ಬಿಸಿನೀರು, ಬೀಗದ ಕೈ ಮತ್ತು ನಾವು

ಇಲಿಯ ಸೆಳವಿಗೂ ಕರ್ನಾಟಕಕ್ಕೂ ಒಂದು ನಂಟಿದೆ. ತಲೆಯ ಮೇಲೆ ತುಂಬ ಬಿಸಿಯಾದ ನೀರನ್ನು ಚೊಂಬು ಚೊಂಬಾಗಿ ಸುರಿದುಕೊಂಡಾಗ ಕೆಲವರಿಗೆ ಸೆಳವು ಬರುತ್ತದೆ. ‘ಬಿಸಿನೀರಿನ ಅಪಸ್ಮಾರ’ ಎಂಬ ಇದು ನಮ್ಮ ರಾಜ್ಯದ ದಕ್ಷಿಣ ಭಾಗದಲ್ಲಿ ಹೆಚ್ಚಾಗಿ ವರದಿಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು ಇಲಿಗಳ ಮೇಲೆ ಬಿಸಿನೀರು ಸುರಿದು ಇಂಥದೇ ಸೆಳವು ಬರುವುದನ್ನು ದಾಖಲಿಸಿ 1996ರಲ್ಲಿ ಪ್ರಕಟಿಸಿದರು. ಪದೇ ಪದೇ ಹೀಗಾದಾಗ ಸೆಳವು ಇನ್ನೂ ಸುಲಭವಾಗಿ ಬರತೊಡಗುತ್ತದೆ ಎಂಬುದೂ ಇಲಿಗಳಿಂದ ತಿಳಿಯಿತು. ಸ್ನಾನದ ನೀರಿನ ಬಿಸಿಯನ್ನು ತಗ್ಗಿಸುವುದು ಇದಕ್ಕೆ ಮೊದಲ ಪರಿಹಾರ.

ಇನ್ನು ಬೀಗದ ಕೈ. ಮೂರ್ಛೆ ಬಂದವರ ಕೈಗೆ ಬೀಗದ ಕೈ ಗೊಂಚಲು, ಕಬ್ಬಿಣದ ತುಂಡು ಹಿಡಿಸುವ ರೂಢಿ ನಮ್ಮಲ್ಲಿದೆ. ಹೆಚ್ಚಿನ ಸೆಳವುಗಳು ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಆ ಹೊತ್ತಿಗೆ ಕಬ್ಬಿಣ ಕೈಯಲ್ಲಿರುವುದರಿಂದ ಅದಕ್ಕೆ ಕೀರ್ತಿ ಸಲ್ಲುತ್ತದೆ, ಅಷ್ಟೆ. ಇಲಿಯ ವಿಷಯದಲ್ಲಂತೂ ಇದು ತಿರುಗುಮುರುಗು. ನಮ್ಮ ಕಿವಿಗೆ 20 ಕಿಲೊಹರ್ಟ್ಸ್‌ವರೆಗಿನ ಶಬ್ದ ಕೇಳಿಸಿದರೆ ಇಲಿಗೆ ಸುಮಾರು 80 ಕಿಲೊಹರ್ಟ್ಸ್‌ವರೆಗೂ ಕೇಳಿಸುತ್ತದೆ. ಗೊಂಚಲು ಝಣಗುಟ್ಟಿದಾಗ ನಮಗೆ ಕೇಳದ ಶ್ರವಣಾತೀತ ಶಬ್ದವೂ ಹೊಮ್ಮುತ್ತದೆ. ಶಬ್ದಕ್ಕೆ ಸೂಕ್ಷ್ಮವಾದ ಕೆಲವು ಇಲಿ ತಳಿಗಳಲ್ಲಿ ತೀಕ್ಷ್ಣ ಶಬ್ದವೇ ಹುಚ್ಚು ಓಟವನ್ನೂ ಸೆಳವನ್ನೂ ತರುತ್ತದೆ. ಇದನ್ನು ಪರೀಕ್ಷಿಸಲು ಮಾತ್ರ ಹೋಗಬೇಡಿ!

ಅಧ್ಯಾಪಕರು ಗಮನಿಸಬೇಕಾದ ಮಾತೊಂದಿದೆ. ಇಲಿಗೆ ಹೇಳಿದ ಮೂರು ನಿಯಮಗಳು - ವೇಳೆ ನೋಡುವುದು, ಅದುಮಿ ಹಿಡಿಯದಿರುವುದು, ಬಾಯಿಗೆ ಏನನ್ನೂ ಹಾಕದಿರುವುದು - ತರಗತಿಯಲ್ಲಿ ಸೆಳವು ಬಂದ ವಿದ್ಯಾರ್ಥಿಗೂ ಹಾಗೆಯೇ ಅನ್ವಯಿಸುತ್ತವೆ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಅದುರು ನಿಂತೊಡನೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ. ಎಚ್ಚರವಾಗುವವರೆಗೆ ಪಕ್ಕದಲ್ಲೇ ಇರಿ. ಸುತ್ತ ನಿಂತ ಮಕ್ಕಳಿಗೆ ಇದು ದೆವ್ವವೂ ಅಲ್ಲ, ಅಂಟುರೋಗವೂ ಅಲ್ಲ, ಮಿದುಳಿನ ವಿದ್ಯುತ್ತಿನ ಏರುಪೇರು ಎಂದು ತಿಳಿಸಿ. ಮನೆಯಲ್ಲಿ ಇಲಿಯ ಪಕ್ಕ ಗಡಿಯಾರ ಹಿಡಿದು ಕುಳಿತು ಅಭ್ಯಾಸವಾದ ವಿದ್ಯಾರ್ಥಿ ಅಂದು ನಿಮ್ಮ ನೆರವಿಗೆ ಬಂದಾನು.