ಗಿಟಾರಿನ ಕುದುರೆಯನ್ನು ಹಿಡಿದಿರುವುದು ಯಾವುದು?

ಪಿಟೀಲಿನ ಕುದುರೆಯನ್ನು ಯಾರೂ ಅಂಟಿಸುವುದಿಲ್ಲ. ತಂತಿಗಳು ಅದರ ನೆತ್ತಿಯ ಮೇಲೆ ಹಾದು, ಹಿಂದಿನ ಪಟ್ಟಿಗೆ ಹೋಗಿ ಬಿಗಿದುಕೊಳ್ಳುತ್ತವೆ. ಆ ಒತ್ತಡವೇ ಕುದುರೆಯನ್ನು ಹಲಗೆಗೆ ಅದುಮಿ ನಿಲ್ಲಿಸುತ್ತದೆ. ಇಂಥದ್ದನ್ನು ನೋಡಿ ಬೆಳೆದ ಕಣ್ಣಿಗೆ ಅಕೂಸ್ಟಿಕ್ ಗಿಟಾರಿನ ಬ್ರಿಡ್ಜ್ ಕೂಡ ತಂತಿಯ ಭಾರಕ್ಕೇ ಕೂತಿದೆ ಅನ್ನಿಸುವುದು ಸಹಜ. ಆದರೆ ಸಾಮಾನ್ಯ ಅಕೂಸ್ಟಿಕ್ ಗಿಟಾರಿನಲ್ಲಿ ತಂತಿಗಳು ಬ್ರಿಡ್ಜ್ ದಾಟಿ ಹೋಗುವುದೇ ಇಲ್ಲ, ಅಲ್ಲೇ ಕೊನೆಯಾಗುತ್ತವೆ. ಹಾಗಾಗಿ ಅವು ಬ್ರಿಡ್ಜನ್ನು ಹಿಡಿದು ನಿಲ್ಲಿಸುವುದರ ಬದಲು ಕೀಳಲು ನೋಡುತ್ತವೆ. ತೆಳು ಗೇಜಿನ ಆರು ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು 72 ಕಿಲೋ. ಆಳೊಬ್ಬ ಹಗಲೂ ರಾತ್ರಿ ಅದಕ್ಕೆ ಜೋತುಬಿದ್ದಂತೆ.

“ಬ್ರಿಡ್ಜಿನ ಮೇಲಿನ ಆ ಆರು ಪಿನ್ನುಗಳು ಮತ್ತೇಕಿವೆ, ಅದನ್ನು ಬಿಗಿದಿಡುವುದಕ್ಕೇ ತಾನೆ?” ಅಲ್ಲ. ತಂತಿಯ ತುದಿಯ ಗುಂಡನ್ನು ಪಕ್ಕಕ್ಕೆ ದೂಡಿ, ಹಲಗೆಯ ಒಳಮೈಗೆ ಹಚ್ಚಿರುವ ಗಟ್ಟಿಮರದ ಬಿಲ್ಲೆಗೆ ಅದು ತಗುಲಿಕೊಳ್ಳುವಂತೆ ಮಾಡುವುದಷ್ಟೇ ಪಿನ್ನಿನ ಕೆಲಸ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರನ್ನು ನೋಡಿ: ಪಿನ್ನೇ ಇಲ್ಲ, ತಂತಿಗಳನ್ನು ಬ್ರಿಡ್ಜಿಗೇ ಗಂಟು ಹಾಕಿರುತ್ತಾರೆ. ಅಲ್ಲಿ ಸುಮಾರು 40 ಕಿಲೋ ಸೆಳೆತವನ್ನು ತಡೆಯುವುದು ಬರೀ ಅಂಟು.

ಇಷ್ಟು ಕೇಳಿದವರ ಮುಂದಿನ ಮಾತು ಬಹುತೇಕ ಒಂದೇ: “ಹಾಗಾದರೆ ಎಲ್ಲಕ್ಕಿಂತ ಗಟ್ಟಿ ಅಂಟು ಯಾವುದು?” ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಬ್ರಿಡ್ಜಿನ ತಳ ಸುಮಾರು 15 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ಅಗಲ, ಅಂದರೆ 37 ಚದರ ಸೆಂ.ಮೀ. ಚಿಲ್ಲರೆ. 72 ಕಿಲೋವನ್ನು ಅಷ್ಟಕ್ಕೆ ಹಂಚಿದರೆ ಚದರ ಸೆಂ.ಮೀ.ಗೆ ಎರಡು ಕಿಲೋ ಕೂಡ ಬೀಳುವುದಿಲ್ಲ. ಮರಗೆಲಸದ ಒಳ್ಳೆಯ ಅಂಟು ತಾಳುವುದು ಇನ್ನೂರೈವತ್ತು ಕಿಲೋದಷ್ಟು. ಈ ಲೆಕ್ಕದಲ್ಲಿ ಯಾವ ಬ್ರಿಡ್ಜೂ ಬೀಳಬಾರದು. ಆದರೂ ಬೀಳುತ್ತವೆ, ಏಕೆಂದರೆ ಸೆಳೆತ ಎಲ್ಲ ಕಡೆ ಸಮನಾಗಿ ಹಂಚಿಹೋಗುವುದಿಲ್ಲ. ತಂತಿ ಎಳೆದಾಗ ಬ್ರಿಡ್ಜ್ ಮುಂದಕ್ಕೆ ಮುಗ್ಗರಿಸುತ್ತದೆ: ಮುಂದಿನ ಅಂಚು ಹಲಗೆಗೆ ಒತ್ತಿಕೊಂಡರೆ ಹಿಂದಿನ ಅಂಚು ಮೇಲೇಳುತ್ತದೆ. ಅಂಟಿಸಿದ ಲಕೋಟೆಯನ್ನು ಮೂಲೆಯಿಂದ ಸುಲಿದಂತೆ, ಆ ಹಿಂದಿನ ಅಂಚಿನಲ್ಲೇ ಅಂಟು ಬಿಡಲು ಶುರು. ಒಂದು ಹಾಳೆಯ ಅಂಚನ್ನು ಅಲ್ಲಿ ತೂರಿಸಿ ನೋಡಿ. ಒಳಕ್ಕೆ ಹೋದರೆ ತಂತಿ ಸಡಿಲಿಸುವ ಹೊತ್ತು ಬಂದಿದೆ.

ನಾನು ಮೊದಲ ಸಲ ಬ್ರಿಡ್ಜ್ ಕೂರಿಸಿದ್ದು ಸೂಪರ್ ಗ್ಲೂನಿಂದ. ಮಳಿಗೆಯಲ್ಲಿ ಅದಕ್ಕಿಂತ ಗಟ್ಟಿಯದು ಇಲ್ಲ ಅಂದಿದ್ದರು. ಎರಡು ತಿಂಗಳಿಗೆ ರಾತ್ರಿ ಮೂರು ಗಂಟೆಯಲ್ಲಿ ಪಟಾಕಿ ಸಿಡಿದಂಥ ಸದ್ದು. ದೀಪ ಹಾಕಿ ನೋಡಿದರೆ ಬ್ರಿಡ್ಜಿನ ಕೆಳಗೆ ಹೊಳೆಯುವ ವಾರ್ನಿಷ್ ಹಾಗೇ ಇದೆ! ತಪ್ಪು ಅಂಟಿನದಲ್ಲ, ನನ್ನದು. ಅಂಟು ಹಿಡಿಯಬೇಕಾದದ್ದು ಬರಿಮರವನ್ನು. ನಾನು ಹಚ್ಚಿದ್ದು ವಾರ್ನಿಷ್ ಮೇಲೆ. ಬ್ರಿಡ್ಜ್ ಕೂರುವಷ್ಟು ಜಾಗದಲ್ಲಿ ವಾರ್ನಿಷನ್ನು ಮರ ಕಾಣುವ ತನಕ ಕೆರೆಯಲೇಬೇಕು. ಹಳೆಯ ಅಂಟನ್ನೂ ಅಷ್ಟೇ: ಬಿಳಿ, ಹಳದಿ ಅಂಟುಗಳು ಒಣಗಿದ ತಮ್ಮದೇ ಪದರದ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಎಬೊನಿ, ರೋಸ್‌ವುಡ್ ಎಣ್ಣೆಯಂಶದ ಮರಗಳಾದ್ದರಿಂದ ಬ್ರಿಡ್ಜಿನ ತಳವನ್ನು ಅಂಟಿಸುವ ಸ್ವಲ್ಪ ಮುಂಚೆ ಹೊಸದಾಗಿ ಕೆರೆದುಕೊಳ್ಳುವುದು ಒಳ್ಳೆಯದು.

ಬಡಗಿಗಳ ಬಿಳಿ ಅಂಟು ಸಾಕೇ ಎಂದರೆ, ಮೇಜು ಕುರ್ಚಿಗೆ ಸಾಕು. ನಿರಂತರ ಸೆಳೆತಕ್ಕೆ ಸಿಕ್ಕರೆ ಅದು ಬಿರಿಯುವುದಿಲ್ಲ, ಕೂದಲೆಳೆಯಷ್ಟೇ ಜರುಗುತ್ತಾ ಹೋಗುತ್ತದೆ. ಬಿಸಿಯಾದರೆ ಇನ್ನೂ ಬೇಗ. ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಟ್ಟವರಿಗೆ ಇದರ ಅನುಭವ ಇರಬಹುದು. ಹಳದಿ ಅಂಟು ಇದಕ್ಕಿಂತ ಮೇಲು. ಪ್ರಾಣಿಗಳ ಚರ್ಮ ಕುದಿಸಿ ಮಾಡುವ ಹಳೆಯ ಸರೇಸು ಜರುಗುವುದೇ ಇಲ್ಲ ಎನ್ನಬಹುದು, ಆದರೆ ಬಿಸಿಯಾಗಿ ಹಚ್ಚಿ ನಿಮಿಷದೊಳಗೆ ಕೂರಿಸದಿದ್ದರೆ ಕೈಯಲ್ಲೇ ಹೆಪ್ಪುಗಟ್ಟುತ್ತದೆ. ವಾದ್ಯ ಮಾಡುವವರು ಇಂದಿಗೂ ಅದನ್ನು ಬಿಡದಿರುವುದಕ್ಕೆ ಇನ್ನೊಂದು ಕಾರಣವಿದೆ: ಬಿಸಿಯ ಜೊತೆ ತೇವ ತಾಕಿಸಿದರೆ ಬೆಸುಗೆ ಬಿಟ್ಟುಕೊಡುತ್ತದೆ. ಎಪಾಕ್ಸಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದನ್ನು ಬಿಡಿಸಲು ಹೋಗಿ ಹಲಗೆಯ ಸಿಬಿರುಗಳು ಎದ್ದುಬರುವುದೂ ಉಂಟು.

ಕ್ಲ್ಯಾಂಪು ಎಷ್ಟು ಬಿಗಿದರೆ ಅಷ್ಟು ಭದ್ರ ಅನ್ನುವವರೂ ಇದ್ದಾರೆ. ಉಕ್ಕಿನ ತಂತಿಯ ಗಿಟಾರಿನ ಮೇಲ್ಹಲಗೆ ನೋಡಲು ಚಪ್ಪಟೆ, ಆದರೆ ಬಹುತೇಕ ಕಡೆ ಅದಕ್ಕೆ ತುಸು ಉಬ್ಬು ಕೊಟ್ಟಿರುತ್ತಾರೆ. ನೇರ ತಳದ ಬ್ರಿಡ್ಜನ್ನು ಆ ಉಬ್ಬಿನ ಮೇಲೆ ಬಲವಂತವಾಗಿ ಅದುಮಿದರೆ, ಕ್ಲ್ಯಾಂಪು ತೆಗೆದ ಗಳಿಗೆಯಿಂದ ಎರಡೂ ಮರ ತಮ್ಮ ತಮ್ಮ ಆಕಾರಕ್ಕೆ ಮರಳಲು ಸೆಣಸುತ್ತವೆ. ಅಂಟಿಲ್ಲದೆ ಇಟ್ಟಾಗಲೇ ಸುತ್ತಲೂ ಬೆಳಕಿಂಡಿ ಕಾಣದಂತೆ ತಳವನ್ನು ಉಜ್ಜಿ ಹೊಂದಿಸಿಕೊಂಡಿದ್ದರೆ ಕ್ಲ್ಯಾಂಪಿಗೆ ದೊಡ್ಡ ಕೆಲಸವೇ ಉಳಿಯುವುದಿಲ್ಲ. ಅರ್ಧ ಗಂಟೆಗೆ ಅಂಟು ಹಿಡಿದಂತೆ ಕಂಡರೂ ತಂತಿ ಏರಿಸಲು ಒಂದು ದಿನ ಕಾಯಿರಿ.

ಸ್ಕ್ರೂ ಹಾಕಿಬಿಡೋಣ ಎಂಬ ಉಪಾಯ ದೊಡ್ಡವರಿಗೂ ಹೊಳೆದದ್ದೇ. 1960ರ ದಶಕದಲ್ಲಿ ಗಿಬ್ಸನ್ ತನ್ನ ಕೆಲವು ಮಾದರಿಗಳಿಗೆ ಪ್ಲಾಸ್ಟಿಕ್ ಬ್ರಿಡ್ಜ್ ಮಾಡಿ ಸ್ಕ್ರೂನಿಂದಲೇ ಬಿಗಿದಿತ್ತು. ಅಂಥವು ರಿಪೇರಿಗೆ ಬಂದಾಗ ಅದನ್ನು ಕಿತ್ತು ಮರದ ಬ್ರಿಡ್ಜನ್ನು ಅಂಟಿಸಿದವರು ಹಲವರು. ಅಂಟು ಬಿಟ್ಟ ಬ್ರಿಡ್ಜಿಗೆ ಸ್ಕ್ರೂ ಹೊಡೆದರೆ ಇಡೀ ಸೆಳೆತ ಎರಡು ತೂತುಗಳ ಮೇಲೆ ಬೀಳುತ್ತದೆ, ಅದೂ ಮೂರು ಮಿಲಿಮೀಟರೂ ಇರದ ಸ್ಪ್ರೂಸ್ ಹಲಗೆಯಲ್ಲಿ. ಆಮೇಲೆ ಸೀಳುವುದು ಹಲಗೆ.

ಬ್ರಿಡ್ಜಿನ ಹಿಂದೆ ಹಲಗೆ ತುಸು ಉಬ್ಬಿದ್ದನ್ನು ಕಂಡು ಗಾಬರಿಯಾಗಿ ಓಡಿಬರುವವರು ಎಷ್ಟೋ ಮಂದಿ. ಅವರ ಗಿಟಾರಿಗೂ ಮೊದಲು ಹಾಳೆಯ ತುದಿಯನ್ನೇ ತೂರಿಸಿ ನೋಡುತ್ತೇನೆ. ಅದು ಒಳಕ್ಕೆ ಹೋಗದಿದ್ದರೆ, ಹಲಗೆಯ ಒಳಮೈಗೆ ಅಂಟಿಸಿರುವ ಆಸರೆ ಪಟ್ಟಿಗಳೂ ಬಿಡದೆ ಭದ್ರವಾಗಿದ್ದರೆ, ಹೊಸ ತಂತಿ ಹಾಕಿ ಶ್ರುತಿ ಮಾಡಿ ಹಾಗೇ ಕಳಿಸುವುದು. ಅಷ್ಟು ಸೆಳೆತ ತಾಳುವ ಹಲಗೆಗೆ ಅಷ್ಟು ಹೊಟ್ಟೆ ಇರುವುದೇ.