ಕೈಟೋಸಾನ್: ಚಿಪ್ಪಿನಿಂದ ಬಂದ ವ್ರಣೋಪಚಾರ

ಶಿಡ್ಲಘಟ್ಟದ ರೇಷ್ಮೆನೂಲು ಬಿಚ್ಚುವ ಘಟಕಗಳ ಮುಂದೆ ಹಾದುಹೋದವರಿಗೆ ಅಲ್ಲಿಯ ವಾಸನೆಯ ಪರಿಚಯವಿದ್ದೇ ಇರುತ್ತದೆ. ಗೂಡನ್ನು ಬೇಯಿಸಿ ಎಳೆ ತೆಗೆದ ಬಳಿಕ ಉಳಿಯುವ ಸತ್ತ ಹುಳು, ಅಂದರೆ ಪ್ಯೂಪಾ, ಎಣ್ಣೆ ತೆಗೆಯುವವರಿಗೂ ಕೋಳಿ, ಮೀನುಗಳ ಆಹಾರ ತಯಾರಿಸುವವರಿಗೂ ಮಾರಾಟವಾಗುತ್ತದೆ. ಈ ಹುಳುವಿನ ಹೊರಚರ್ಮದಲ್ಲಿ ಕೈಟಿನ್ ಎಂಬ ದ್ರವ್ಯವಿದೆ. ಸೀಗಡಿ ಮತ್ತು ಏಡಿಯ ಚಿಪ್ಪಿನಲ್ಲಿರುವುದೂ ಅಣಬೆಯಲ್ಲಿರುವುದೂ ಇದೇ. ಫ್ರಾನ್ಸಿನ ವಿಜ್ಞಾನಿ ಬ್ರಕೊನೊ 1811ರಲ್ಲಿ ಇದನ್ನು ಗುರುತಿಸಿದ್ದು ಅಣಬೆಯಲ್ಲಿ. ಕೈಟಿನ್ ಅನ್ನು ಪ್ರಬಲ ಕ್ಷಾರದಲ್ಲಿ ಕಾಯಿಸಿದಾಗ ದೊರೆಯುವುದೇ ಕೈಟೋಸಾನ್. ಗಾಯಕ್ಕೆ ಹಾಕುವ ಹೊಸ ಬಗೆಯ ಪಟ್ಟಿಗಳಲ್ಲಿ ಇದು ಬಳಕೆಯಾಗುತ್ತಿದೆ. ಪ್ಯೂಪಾದಿಂದ ಇದನ್ನು ತೆಗೆಯಬಹುದೆಂದು ಪ್ರಯೋಗಗಳು ತೋರಿಸಿದ್ದರೂ, ಔಷಧದಂಗಡಿಗೆ ಬರುವ ಪಟ್ಟಿಗಳ ಮೂಲ ಬಹುಮಟ್ಟಿಗೆ ಕಡಲ ಚಿಪ್ಪೇ ಆಗಿದೆ.

ರಕ್ತದ ಕೆಂಪುಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವೂ ಕೈಟೋಸಾನ್‌ನಲ್ಲಿ ಧನ ವಿದ್ಯುದಂಶವೂ ಇರುವುದರಿಂದ ಅವು ಪರಸ್ಪರ ಸೆಳೆಯಲ್ಪಟ್ಟು, ಕಣಗಳು ಒಂದಕ್ಕೊಂದು ಅಂಟಿ ಗಾಯದ ಬಾಯಿ ಮುಚ್ಚುತ್ತದೆ. ಈ ಕ್ರಿಯೆಯು ದೇಹದ ಸಹಜ ಹೆಪ್ಪುಗಟ್ಟುವಿಕೆಯನ್ನೇ ನೆಚ್ಚಿಕೊಂಡಿಲ್ಲ. ಹೀಗಾಗಿ ಹೃದ್ರೋಗಕ್ಕೆಂದು ರಕ್ತವನ್ನು ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವ ಹಿರಿಯರಿಗೂ ಇದು ಉಪಯುಕ್ತ. 2002ರಲ್ಲಿ ಅಮೆರಿಕದಲ್ಲಿ ಇಂತಹ ಪಟ್ಟಿಗೆ ಅನುಮತಿ ದೊರೆತು, ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಭೂಮಿಗಳಲ್ಲಿ ಗಾಯಾಳು ಸೈನಿಕರಿಗೆ ಬಳಸಲಾಯಿತು. ಗಾಯದ ತೇವವನ್ನು ಹದವಾಗಿ ಉಳಿಸುವುದು, ಕೆಲವು ರೋಗಾಣುಗಳ ಬೆಳವಣಿಗೆಯನ್ನು ತಡೆಯುವುದು ಇದರ ಇನ್ನೆರಡು ಗುಣಗಳು.

ಸುಶ್ರುತಾಚಾರ್ಯರು ರಕ್ತಸ್ರಾವ ನಿಲ್ಲಿಸಲು ಸಂಧಾನ, ಸ್ಕಂದನ, ಪಾಚನ, ದಹನವೆಂಬ ನಾಲ್ಕು ಉಪಾಯಗಳನ್ನು ಹೇಳಿದ್ದಾರೆ. ಅಲ್ಲಿಯೇ ಗಾಯದ ಮೇಲೆ ಉದುರಿಸಬೇಕಾದ ಚೂರ್ಣಗಳಲ್ಲಿ ಲೋಧ್ರದ ಜೊತೆಗೆ ಶಂಖ, ಅರಗು, ಸಮುದ್ರಫೇನಗಳೂ ಸೇರಿವೆ. ಸಮುದ್ರಫೇನವೆಂದರೆ ಒಂದು ಕಡಲಜೀವಿಯ ಒಳಚಿಪ್ಪು. ಅದರಲ್ಲಿಯೂ ಕೈಟಿನ್ ಇದೆ. ಇಷ್ಟರಿಂದಲೇ ಕೈಟೋಸಾನ್ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಬೀಗುವುದು ಸರಿಯಲ್ಲ.

"ಡಾಕ್ಟರೇ, ಏಡಿಯ ಚಿಪ್ಪಿನದಂತೆ, ನಾವು ಕಟ್ಟಿಕೊಳ್ಳಬಹುದೇ?" ಎಂದು ಸಸ್ಯಾಹಾರಿಗಳಾದ ಭಕ್ತರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಇದು ಆಹಾರವಲ್ಲ, ಹೊರಗಿನ ಲೇಪ. ನಾವು ಉಡುವ ರೇಷ್ಮೆಯೂ ಹುಳುವನ್ನು ಬೇಯಿಸಿಯೇ ಬಂದದ್ದು. ಆದರೂ ಮನಸ್ಸು ಒಪ್ಪದಿದ್ದರೆ ಅಣಬೆಯಂತಹ ಶಿಲೀಂಧ್ರಗಳಿಂದ ತಯಾರಾದ ಕೈಟೋಸಾನ್ ಇದೆ, ವೈದ್ಯರಲ್ಲಿ ವಿಚಾರಿಸಿರಿ. ರಕ್ತ ಹರಿಯುತ್ತಿರುವಾಗ ಮಾತ್ರ ಈ ಚರ್ಚೆ ಬೇಡ. ಸೀಗಡಿ, ಏಡಿ ತಿಂದರೆ ಮೈಯಲ್ಲಿ ದದ್ದು ಏಳುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಇನ್ನು ಇದರ ಮಿತಿ. ಗೌರಿಬಿದನೂರು, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಬರಿಗಾಲಿನಲ್ಲಿ ಹೊಲಕ್ಕೆ ಹೋಗುವ ಮಧುಮೇಹಿಗಳು ಇಂದಿಗೂ ಇದ್ದಾರೆ. ಅಂಗಾಲು ಮರಗಟ್ಟಿರುವುದರಿಂದ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ. ಆ ಹುಣ್ಣು ಮಾಯದಿರಲು ಕಾರಣ ರಕ್ತದ ಸಕ್ಕರೆ, ಕುಂದಿದ ರಕ್ತಸಂಚಾರ ಮತ್ತು ಅದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ದೇಹಭಾರ. ಇವನ್ನು ಸರಿಪಡಿಸದೆ ಎಷ್ಟು ಬೆಲೆಯ ಪಟ್ಟಿ ಕಟ್ಟಿದರೂ ವ್ಯರ್ಥ. ಬೆರಳು ಕಪ್ಪಾದರೆ, ದುರ್ವಾಸನೆ ಬಂದರೆ, ಜ್ವರ ಕಾಣಿಸಿದರೆ ಅಂದೇ ಆಸ್ಪತ್ರೆಗೆ ಹೊರಡಿರಿ. ಒಂದು ದಿನದ ತಡವೂ ಕಾಲನ್ನು ಕಳೆಯಬಹುದು. ನೂಲು ಬಿಚ್ಚುವ ತಾಯಂದಿರ ಬೆರಳಸಂದಿಯ ಹುಣ್ಣಿನದು ಬೇರೆಯೇ ಕಥೆ. ದಿನವಿಡೀ ಬಿಸಿನೀರಿನಲ್ಲಿರುವ ಕೈಗೆ ಯಾವ ಪಟ್ಟಿಯೂ ನಿಲ್ಲದು. ಕೆಲಸಕ್ಕೆ ಕೆಲವು ದಿನ ಬಿಡುವು ಕೊಟ್ಟು ಕೈ ಒಣಗಿಸುವುದೇ ಮೊದಲ ಚಿಕಿತ್ಸೆ. ದಿನಗೂಲಿಯವರಿಗೆ ಇದನ್ನು ಹೇಳುವುದು ಸುಲಭ, ನಡೆಸುವುದು ಕಷ್ಟವೆಂಬುದನ್ನು ಬಲ್ಲೆ. ಘಟಕದ ಮಾಲೀಕರು ಇದನ್ನು ಗಮನಿಸಬೇಕು.

ಕುಡುಗೋಲು ತಗುಲಿ ರಕ್ತ ಸುರಿಯುವಾಗ ಕಾಫಿಪುಡಿ, ಸುಣ್ಣ, ನಶ್ಯ ಹಾಕಬಾರದು. ಕೈಟೋಸಾನ್ ಪಟ್ಟಿಯಿದ್ದರೆ ಗಾಯದ ಮೇಲಿಟ್ಟು, ಇಲ್ಲದಿದ್ದರೆ ಒಗೆದು ಒಣಗಿಸಿದ ಹತ್ತಿಬಟ್ಟೆಯನ್ನಿಟ್ಟು, ನಡುವೆ ತೆಗೆದು ನೋಡದೆ ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ. ಆಳವಾದ ಗಾಯಕ್ಕೆ ಹೊಲಿಗೆ ಬೇಕಾಗಬಹುದು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ಅಲ್ಲಿಯೇ ಕೇಳಿರಿ. ಒಣಗಿ ಅಂಟಿಕೊಂಡ ಪಟ್ಟಿಯನ್ನು ಎಳೆದು ಕೀಳದೆ, ಕಾಯಿಸಿ ಆರಿಸಿದ ನೀರಿನಲ್ಲಿ ಚೆನ್ನಾಗಿ ನೆನೆಸಿದರೆ ಅದು ತಾನಾಗಿಯೇ ಸಡಿಲಗೊಳ್ಳುತ್ತದೆ.